ನಮ್ಮ ಪಿಕಪ್ ಗಾಡಿಯ ಸೆಲ್ಫ್ ಯಾಕೆ ಕೂಗಿತು?



ಗೋಡೆ ಪತ್ರಿಕೆ ಎಂದರೆ ಮಳೆಗಾಲದ ಸೊಬಗು, ನಮ್ಮೂರ ಜಾತ್ರೆ, ನನ್ನ ಮೆಚ್ಚಿನ ಹಬ್ಬ, ಇಂಥವೇ ಹೆಚ್ಚು. ಈ ಸಲ ನಾನು ಗಾಡಿಯ ವಿಷಯ ಬರೆಯುತ್ತಿದ್ದೇನೆ. ಗಾಡಿ ಅಂದರೆ ಎತ್ತಿನ ಗಾಡಿ ಅಲ್ಲ, ನಮ್ಮಪ್ಪನ ಪಿಕಪ್. ಊರಿನಲ್ಲಿ ಎಲ್ಲರಿಗೂ ಅದು ಗೊತ್ತು. ನೀಲಿ ಬಣ್ಣ ಹೋಗಿ ಬೂದಿ ಬಣ್ಣ ಬಂದಿದೆ, ಎಡಗಡೆ ಬಾಗಿಲನ್ನು ಸ್ವಲ್ಪ ಎತ್ತಿ ಮುಚ್ಚಬೇಕು. 2004ರ ಮಾಡೆಲ್, ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್. ಅಪ್ಪ ಅದನ್ನು 2016ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ನನಗಿಂತ ಗಾಡಿಗೇ ವಯಸ್ಸು ಹೆಚ್ಚು.

ನಮ್ಮ ಮನೆ ನಡೆಯುವುದು ಆ ಗಾಡಿಯಿಂದ. ನಮ್ಮದೂ ಅಕ್ಕಪಕ್ಕದ ನಾಲ್ಕು ಮನೆಯವರದೂ ಟೊಮೇಟೊ ಬಾಕ್ಸುಗಳನ್ನು ತುಂಬಿಕೊಂಡು ಅಪ್ಪ ಕೋಲಾರದ ಎ.ಪಿ.ಎಂ.ಸಿ. ಮಂಡಿಗೆ ಹೋಗುತ್ತಾರೆ. ಒಂದು ಬಾಕ್ಸಿಗೆ 15 ಕೆ.ಜಿ. ಹಣ್ಣು. ಹರಾಜು ಕೂಗುವ ಹೊತ್ತಿಗೆ ಮಾಲು ಅಲ್ಲಿ ಇಳಿದಿರಬೇಕು. ತಡವಾದರೆ ಯಾರೂ ಕಾಯುವುದಿಲ್ಲ. ಟೊಮೇಟೊ ಅಂತೂ ಮೊದಲೇ ಕಾಯುವುದಿಲ್ಲ. ಹೀಗಾಗಿ ಬೆಳಗಿನ ಜಾವ ಕೀ ತಿರುಗಿಸಿದ ತಕ್ಷಣ ಇಂಜಿನ್ ಎದ್ದರೆ ಐದು ಮನೆಯವರೂ ನಿರಾಳ. ಏಳದಿದ್ದರೆ ಐದು ಮನೆಯವರಿಗೂ ಚಿಂತೆ.

2025ರ ಸಂಕ್ರಾಂತಿ ಕಳೆದ ಮೇಲೆ ಗಾಡಿ ಕೂಗಲು ಶುರು ಮಾಡಿತು. ಕೀ ತಿರುಗಿಸಿದರೆ ‘ಕರ್ರ್...’ ಅಂತ ಶಬ್ದ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ. ಕೇಳಿದರೆ ಹಲ್ಲು ಜುಮ್ ಅನ್ನುತ್ತಿತ್ತು. ಎದುರು ಮನೆ ಅಜ್ಜಿ ‘ಏನಪ್ಪಾ, ನಿನ್ನ ಗಾಡಿ ಹೊಟ್ಟೇಲಿ ಕಲ್ಲು ಸಿಕ್ಕೊಂಡೈತಾ?’ ಅಂತ ನಗುತ್ತಿದ್ದರು. ಆದರೆ ಪ್ರತಿ ಸಲವೂ ಆ ಶಬ್ದ ಬರುತ್ತಿರಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಕೂಗುತ್ತಿತ್ತು. ಅಪ್ಪ ಗಾಡಿಯನ್ನು ದಿಣ್ಣೆಯ ಮೇಲೆ ನಿಲ್ಲಿಸಲು ಶುರು ಮಾಡಿದರು. ಇಳಿಜಾರಿನಲ್ಲಿ ಬಿಟ್ಟು ಗೇರ್ ಹಾಕಿದರೆ ಸೆಲ್ಫ್ ಇಲ್ಲದೆಯೂ ಇಂಜಿನ್ ಸ್ಟಾರ್ಟ್ ಆಗುತ್ತದಲ್ಲ, ಅದಕ್ಕೆ. ಮಂಡಿಯಲ್ಲಿ ದಿಣ್ಣೆ ಎಲ್ಲಿ ಸಿಗಬೇಕು? ಫೆಬ್ರವರಿಯಲ್ಲಿ ಒಂದು ದಿನ ಗೇಟಿನ ಹತ್ತಿರವೇ ಗಾಡಿ ನಿಂತುಹೋಯಿತು. ಹಿಂದೆ ಲಾರಿಗಳ ಸಾಲು, ಹಾರ್ನಿನ ಮೇಲೆ ಹಾರ್ನು. ನಾಲ್ಕು ಜನ ಹಮಾಲಿ ಅಣ್ಣಂದಿರು ತಳ್ಳಿಕೊಟ್ಟರು. ತಳ್ಳುವಾಗ ನಮ್ಮ ಚಿಕ್ಕಪ್ಪ ಕೊಳೆತ ಟೊಮೇಟೊ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಹಿಂದಿನ ಚಕ್ರಕ್ಕೂ ಅವರ ಪಾದಕ್ಕೂ ಒಂದು ಗೇಣು ಮಾತ್ರ ಇತ್ತಂತೆ. ಆ ರಾತ್ರಿ ಅಪ್ಪ ಊಟಕ್ಕೆ ಕೂತವರು ಅರ್ಧ ಮುದ್ದೆ ಬಿಟ್ಟು ಎದ್ದರು.

ಮರುದಿನ ಪಟ್ಟಣದ ಒಂದು ಅಂಗಡಿಗೆ ಗಾಡಿ ತೋರಿಸಿದರು. ಅಂಗಡಿಯವರು ಒಂದು ಸಲ ಶಬ್ದ ಕೇಳಿ, ‘ಸೆಲ್ಫ್ ಹೋಗಿದೆ, ಪೂರ್ತಿ ಹೊಸದು ಹಾಕಿಬಿಡಿ, 9,500 ಆಗುತ್ತೆ’ ಅಂದರು. ಅವರ ಮುಂದೆ ಇನ್ನೂ ಆರು ಗಾಡಿ ನಿಂತಿದ್ದವು, ಕೂತು ನೋಡಲು ಅವರಿಗೆ ಪುರುಸೊತ್ತು ಇರಲಿಲ್ಲ.

ಮನೆಯಲ್ಲಿ ಅಜ್ಜಿಯ ಸ್ಟೀಲ್ ಡಬ್ಬಿಯಲ್ಲಿ 12,000 ರೂಪಾಯಿ ಇತ್ತು. ಅದು ಅಕ್ಕನ ಪಿ.ಯು.ಸಿ. ಸೇರಿಸಲು ಎತ್ತಿಟ್ಟ ದುಡ್ಡು. ಅಕ್ಕ ಆಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುತ್ತಿದ್ದಳು. ಅವಳಿಗೆ ಸೈನ್ಸ್ ತಗೋಬೇಕೆಂದು ಆಸೆ. ಅಪ್ಪ ಡಬ್ಬಿಯ ಕಡೆ ನೋಡಿದ್ದನ್ನು ಅವಳೂ ನೋಡಿದಳು. ‘ಗಾಡಿ ಮೊದಲು ಸರಿ ಮಾಡ್ಸಿ ಅಪ್ಪ, ನಾನು ಒಂದು ವರ್ಷ ಬಿಟ್ಟು ಸೇರ್ತೀನಿ’ ಅಂದಳು. ಒಂದು ವರ್ಷ ಬಿಟ್ಟವರಲ್ಲಿ ಎಷ್ಟು ಜನ ಮತ್ತೆ ಸೇರಿದ್ದಾರೆ ಎಂಬುದು ನಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ. ಯಾರೂ ಏನೂ ಮಾತಾಡಲಿಲ್ಲ. ಅಮ್ಮ ಮಾತ್ರ, ‘ಒಂದು ಸಲ ಅಣ್ಣನ್ನ ಕರೆಸಿ ನೋಡಿ’ ಅಂದರು.

ಅಮ್ಮನ ಅಣ್ಣ, ಅಂದರೆ ನಮ್ಮ ದೊಡ್ಡಮಾವ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಅವರು ಬಂದವರು ಗಾಡಿ ಮುಟ್ಟಲೇ ಇಲ್ಲ. ಕಟ್ಟೆಯ ಮೇಲೆ ಕೂತು ಕಾಫಿ ಕುಡಿದು, ‘ಮೊದ್ಲು ಇದು ಯಾವಾಗ ಕೂಗ್ತೈತೆ, ಯಾವಾಗ ಕೂಗಲ್ಲ, ಅದನ್ನ ಹೇಳ್ರಪ್ಪ’ ಅಂದರು. ಅಪ್ಪ ‘ಒಂದೊಂದ್ಸಲ ಕೂಗ್ತೈತೆ ಭಾವ’ ಅಂದರು. ‘ಒಂದೊಂದ್ಸಲ ಅನ್ನೋದು ಲೆಕ್ಕ ಅಲ್ಲಪ್ಪ’ ಅಂತ ಹೇಳಿ ಮಾವ ನನ್ನನ್ನು ಕರೆದರು. ‘ಪುಟ್ಟಿ, ನಿನ್ನ ರಫ್ ಬುಕ್ ತಗೊಂಬಾ. ಮೂರು ವಾರ ಗಾಡಿ ಸ್ಟಾರ್ಟ್ ಮಾಡಿದಾಗೆಲ್ಲ ಬರ್ದಿಡು. ಆಮೇಲೆ ಬಿಚ್ಚೋಣ.’ ನಾನಾಗ ಒಂಬತ್ತನೇ ತರಗತಿಯಲ್ಲಿದ್ದೆ.

ಬರೆಯುವುದಕ್ಕೆ ಮುಂಚೆ ಸೆಲ್ಫ್ ಅಂದರೆ ಏನು ಎಂದು ಮಾವ ಹೇಳಿಕೊಟ್ಟರು. ಅದನ್ನು ನಿಮಗೂ ಹೇಳುತ್ತೇನೆ.

ಇಂಜಿನ್ ತಾನಾಗಿ ಶುರುವಾಗುವುದಿಲ್ಲ. ಮೊದಲು ಯಾರಾದರೂ ಅದನ್ನು ತಿರುಗಿಸಿಕೊಡಬೇಕು. ಹಿಂದಿನ ಕಾಲದಲ್ಲಿ ಬಸ್ಸಿನ ಮೂತಿಗೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುತ್ತಿದ್ದರು. ನಮ್ಮ ತಾತ ಅದನ್ನು ಕಣ್ಣಾರೆ ನೋಡಿದ್ದಾರೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕಂತೆ. ಸುತ್ತ ಬಿಗಿಯಾಗಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳೋ ಮಣಿಕಟ್ಟೋ ಮುರಿಯುತ್ತಿತ್ತಂತೆ. ಈ ಕಷ್ಟ ತಪ್ಪಿಸಲು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರ್ ವಿದ್ಯುತ್ ಮೋಟಾರಿನಿಂದ ಇಂಜಿನ್ ತಿರುಗಿಸುವ ಏರ್ಪಾಡು ಮಾಡಿದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಸೆಲ್ಫ್ ಸ್ಟಾರ್ಟರ್ ಎಂಬ ಅದರ ಹೆಸರನ್ನೇ ನಾವು ಚಿಕ್ಕದು ಮಾಡಿ ‘ಸೆಲ್ಫ್’ ಅನ್ನುತ್ತೇವೆ.

ಸೆಲ್ಫ್ ಒಳಗೆ ಒಂದು ಮೋಟಾರ್ ಇದೆ. ಅದರ ಮೂತಿಯಲ್ಲಿ ಪುಟ್ಟ ಹಲ್ಲಿನ ಚಕ್ರ. ಗ್ಯಾರೇಜಿನವರು ಇದಕ್ಕೆ ‘ಬೆಂಡಿಕ್ಸ್’ ಅನ್ನುತ್ತಾರೆ. ವಿನ್ಸೆಂಟ್ ಬೆಂಡಿಕ್ಸ್ ಎಂಬುವರು ಹಿಂದೆ ಮಾಡಿದ ಏರ್ಪಾಡಿನಿಂದ ಬಂದ ಹೆಸರು ಅದು. ಈಗಿನ ಗಾಡಿಗಳಲ್ಲಿ ಏರ್ಪಾಡು ಬೇರೆಯಾದರೂ ಹೆಸರು ಉಳಿದಿದೆ. ಇಂಜಿನ್ನಿನ ಹಿಂದೆ ದೊಡ್ಡ ಭಾರದ ಚಕ್ರ ಇರುತ್ತದೆ, ಅದು ಫ್ಲೈವೀಲ್. ಅದರ ಅಂಚಿಗೆ ಹಲ್ಲುಗಳಿರುವ ಬಳೆಯಂಥ ರಿಂಗ್ ಗೇರ್. ನಮ್ಮ ಗಾಡಿಯ ಬೆಂಡಿಕ್ಸಿಗೆ 10 ಹಲ್ಲು, ರಿಂಗ್ ಗೇರಿಗೆ 120 ಹಲ್ಲು. ಅಂದರೆ ಪುಟ್ಟ ಚಕ್ರ ಹನ್ನೆರಡು ಸುತ್ತು ಸುತ್ತಿದರೆ ಇಂಜಿನ್ ಒಂದು ಸುತ್ತು. ಸಣ್ಣ ಮೋಟಾರ್ ಅಷ್ಟು ದೊಡ್ಡ ಇಂಜಿನ್ನನ್ನು ತಿರುಗಿಸುವ ಗುಟ್ಟು ಇದೇ.

ಸೆಲ್ಫಿನ ಬೆನ್ನ ಮೇಲೆ ಡಬ್ಬಿಯಂಥದ್ದು ಒಂದು ಕೂತಿರುತ್ತದೆ, ಅದು ಸೊಲೆನಾಯ್ಡ್. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ತಂತಿ ಸುತ್ತಿದ ಸುರುಳಿಯ ಚಿತ್ರ ಇದೆಯಲ್ಲ, ಅದೇ ಇದು. ಕೀ ತಿರುಗಿಸಿದಾಗ ಅದು ಅಯಸ್ಕಾಂತವಾಗಿ ಎರಡು ಕೆಲಸ ಮಾಡುತ್ತದೆ. ಮೊದಲು ಬೆಂಡಿಕ್ಸನ್ನು ಮುಂದೆ ತಳ್ಳಿ ಹಲ್ಲಿಗೆ ಹಲ್ಲು ಕೂರಿಸುತ್ತದೆ. ಆಮೇಲೆ ಬ್ಯಾಟರಿಯ ದಪ್ಪ ವೈರಿನಿಂದ ಮೋಟಾರಿಗೆ ಕರೆಂಟು ಬಿಡುತ್ತದೆ. ಆಗ ನೂರಾರು ಆಂಪಿಯರ್ ಹರಿಯುತ್ತದೆ. ನಮ್ಮ ಮನೆಯ 9 ವ್ಯಾಟಿನ ಬಲ್ಬಿಗೆ 0.1 ಆಂಪಿಯರೂ ಬೇಡ, ಹೋಲಿಸಿ ನೋಡಿ. ಇಂಜಿನ್ ಎದ್ದ ಮೇಲೆ ಅದು ಬೆಂಡಿಕ್ಸನ್ನು ಜೋರಾಗಿ ತಿರುಗಿಸಿ ಮೋಟಾರನ್ನು ಹಾಳು ಮಾಡಬಾರದು. ಅದಕ್ಕೆ ಬೆಂಡಿಕ್ಸಿನೊಳಗೆ ಒಂದೇ ಕಡೆಗೆ ಹಿಡಿಯುವ ಕ್ಲಚ್ ಇರುತ್ತದೆ. ಸೈಕಲ್ಲಿನ ಹಿಂದಿನ ಚಕ್ರದ ಫ್ರೀವೀಲ್ ಹೇಗೋ ಹಾಗೆ.

ಇಷ್ಟು ಹೇಳಿ ಮಾವ, ‘ಇದ್ರಲ್ಲಿ ಯಾವುದು ಕೆಟ್ರೂ ಒಂದೊಂದು ಥರ ಶಬ್ದ ಬತ್ತೈತೆ. ಡಾಕ್ಟ್ರು ಕೆಮ್ಮು ಕೇಳಲ್ವಾ, ಹಂಗೆ’ ಅಂದರು. ಅವರು ಹೇಳಿದ ಪಟ್ಟಿ ನನ್ನ ರಫ್ ಬುಕ್ಕಿನಲ್ಲಿ ಹೀಗಿದೆ.

1. ‘ಟಕಟಕಟಕ’ ಅಂದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ ಅಥವಾ ಟರ್ಮಿನಲ್ ಸಡಿಲ. ಸೊಲೆನಾಯ್ಡ್ ಎಳೆಯುತ್ತದೆ, ಕರೆಂಟು ಕುಸಿಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ.

2. ‘ಟಕ್’ ಅಂತ ಒಂದೇ ಸಲ ಬಂದು ಸುಮ್ಮನಾದರೆ ಸೊಲೆನಾಯ್ಡ್ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಕಾರ್ಬನ್ ಬ್ರಷ್ ಸವೆದಿರಬಹುದು.

3. ‘ಉಂ... ಉಂ...’ ಅಂತ ಕಷ್ಟಪಟ್ಟು ತಿರುಗಿದರೆ ಬ್ಯಾಟರಿ, ವೈರು, ಅರ್ತ್ ನೋಡಬೇಕು. ಅವು ಸರಿ ಇದ್ದರೆ ಸೆಲ್ಫಿನ ಬುಷ್ ಸವೆದು ಒಳಗಿನ ಆರ್ಮೇಚರ್ ಉಜ್ಜುತ್ತಿರಬಹುದು.

4. ‘ಗುಂಯ್’ ಅಂತ ಮೋಟಾರ್ ಮಾತ್ರ ಸುತ್ತಿ ಇಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸಿನ ಕ್ಲಚ್ ಜಾರುತ್ತಿದೆ.

5. ‘ಕರ್ರ್’ ಅಂದರೆ ಹಲ್ಲಿಗೆ ಹಲ್ಲು ಕೂರುತ್ತಿಲ್ಲ. ಸೆಲ್ಫಿನ ಬೋಲ್ಟು ಸಡಿಲ, ಬೆಂಡಿಕ್ಸಿನ ಹಲ್ಲು ಸವೆತ, ರಿಂಗ್ ಗೇರಿನ ಹಲ್ಲು ಸವೆತ, ಈ ಮೂರರಲ್ಲಿ ಒಂದು.

6. ಇಂಜಿನ್ ಎದ್ದ ಮೇಲೆಯೂ ‘ಕೀಂಯ್’ ಅಂತ ಬರುತ್ತಿದ್ದರೆ ಬೆಂಡಿಕ್ಸ್ ಹಿಂದಕ್ಕೆ ಬಂದಿಲ್ಲ. ತಕ್ಷಣ ಇಂಜಿನ್ ಆಫ್ ಮಾಡಬೇಕು.

ನಮ್ಮ ಗಾಡಿಯದು ಐದನೆಯದು. ಮೂರು ಕಾರಣದಲ್ಲಿ ಯಾವುದು ಎಂದು ಹುಡುಕಬೇಕಿತ್ತು.

ಅವತ್ತೇ ಮಾವ ಸುಲಭದ ಪರೀಕ್ಷೆಗಳನ್ನು ಮುಗಿಸಿದರು. ಗಾಡಿ ನ್ಯೂಟ್ರಲ್ಲಿನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಎರಡು ಕಲ್ಲು ಕೊಟ್ಟರು. ನನಗೆ ‘ಬಳೆ ತೆಗೆದಿಟ್ಟು ಬಾ’ ಅಂದರು. ಗಾಜಿನ ಬಳೆಯಾದರೆ ಒಡೆದು ಕುಯ್ಯುತ್ತದೆ, ಲೋಹದ ಬಳೆ ಬ್ಯಾಟರಿಯ ಎರಡು ಕಡೆಗೂ ತಾಗಿದರೆ ಕಾದು ಕೈ ಸುಡುತ್ತದೆ ಎಂದರು. ಮೀಟರ್ ಇಟ್ಟು ನೋಡಿದರೆ ಬ್ಯಾಟರಿ 12.6 ವೋಲ್ಟ್ ಇತ್ತು, ಅಂದರೆ ಪೂರ್ತಿ ಚಾರ್ಜ್. ಅಪ್ಪ ಸೆಲ್ಫ್ ಹೊಡೆದಾಗ 10.4ಕ್ಕೆ ಇಳಿಯಿತು. ಹಾಗೆ ಸ್ವಲ್ಪ ಇಳಿಯುವುದು ಸಹಜ, 9.6ಕ್ಕಿಂತ ಕೆಳಗೆ ಹೋದರೆ ಚಿಂತೆ ಮಾಡಬೇಕು ಎಂದು ಮಾವ ಹೇಳಿದರು. ಟರ್ಮಿನಲ್ಲಿನ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದೆವು. ಅರ್ತ್ ವೈರನ್ನು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದೆವು. ಸೆಲ್ಫಿನ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿದರೆ ಕಾಲು ಸುತ್ತೂ ಅಲ್ಲಾಡಲಿಲ್ಲ. ಮೂರು ಕಾರಣದಲ್ಲಿ ಒಂದು ಹೋಯಿತು. ಉಳಿದದ್ದು ಎರಡು: ಬೆಂಡಿಕ್ಸ್ ಅಥವಾ ರಿಂಗ್ ಗೇರ್.

ಅದನ್ನು ಪುಸ್ತಕ ಹೇಳಿತು. ಮೂರು ವಾರದಲ್ಲಿ ಗಾಡಿ 60 ಸಲ ಸ್ಟಾರ್ಟ್ ಆಯಿತು. ಮನೆಯ ಹತ್ತಿರ ಆದರೆ ನಾನು ಬರೆಯುತ್ತಿದ್ದೆ, ಮಂಡಿಯಲ್ಲಿ ಚಿಕ್ಕಪ್ಪ ಚೀಟಿಯಲ್ಲಿ ಬರೆದು ತಂದುಕೊಡುತ್ತಿದ್ದರು. 60ರಲ್ಲಿ 22 ಸಲ ಕೂಗಿತ್ತು. ಇಂಜಿನ್ ತಣ್ಣಗಿದ್ದಾಗ 9 ಸಲ, ಬಿಸಿ ಇದ್ದಾಗ 13 ಸಲ. ಹಾಗಾದರೆ ಚಳಿಗೂ ಕೂಗಿಗೂ ಸಂಬಂಧ ಇಲ್ಲ. ಮೊದಲ ವಾರ 5, ಎರಡನೇ ವಾರ 7, ಮೂರನೇ ವಾರ 10. ಅಂದರೆ ರೋಗ ಏರುತ್ತಿತ್ತು.

ಮಾವ ಇನ್ನೊಂದು ಪರೀಕ್ಷೆಯನ್ನೂ ಹೇಳಿದ್ದರು. ಕೂಗಿದ ತಕ್ಷಣ ಕೀ ಆಫ್ ಮಾಡಿ ಮತ್ತೆ ಒಂದು ಸಲ ನೋಡಿ. ಆಗಲೂ ಕೂಗಿದರೆ ಕೀ ತೆಗೆದು, ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಬರೀ ನಾಲ್ಕು ಬೆರಳಷ್ಟು ಮುಂದೆ ತಳ್ಳಿ. ಆಮೇಲೆ ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡಿ. ಗೇರಿನಲ್ಲಿ ತಳ್ಳಿದಾಗ ಇಂಜಿನ್ನೂ ಸ್ವಲ್ಪ ತಿರುಗಿ ರಿಂಗ್ ಗೇರಿನ ಬೇರೆ ಹಲ್ಲುಗಳು ಬೆಂಡಿಕ್ಸಿನ ಮುಂದೆ ಬರುತ್ತವೆ. ನಾವು ಎಂಟು ಸಲ ಹೀಗೆ ಮಾಡಿದೆವು. ಎಂಟು ಸಲವೂ ಇದ್ದಲ್ಲೇ ಮತ್ತೆ ಹೊಡೆದರೆ ಕೂಗಿತು, ತಳ್ಳಿ ಹೊಡೆದರೆ ಕೂಗಲಿಲ್ಲ.

ಸ್ವಲ್ಪ ಯೋಚಿಸಿ ಮಿತ್ರರೇ. ಬೆಂಡಿಕ್ಸ್ ಒಂದೇ ಕೆಟ್ಟಿದ್ದರೆ ಗಾಡಿಯನ್ನು ಎಲ್ಲಿಗೆ ತಳ್ಳಿದರೂ ಅದೇ ಕೆಟ್ಟ ಹಲ್ಲು ಬರಬೇಕು, ಶಬ್ದ ಬರಬೇಕು. ಜಾಗ ಬದಲಾದ ಕೂಡಲೇ ಶಬ್ದ ನಿಂತರೆ ಕೆಟ್ಟಿರುವುದು ಜಾಗ, ಅಂದರೆ ರಿಂಗ್ ಗೇರ್. ಮಾವ ಪುಸ್ತಕ ನೋಡಿ ಅಪ್ಪನಿಗೆ ಹೇಳಿದರು: ‘ಹೊಸ ಸೆಲ್ಫ್ ಹಾಕ್ಸಿದ್ರೆ ಈ ಸವೆದ ಹಲ್ಲು ಹೊಸ ಬೆಂಡಿಕ್ಸನ್ನೂ ತಿಂದಾಕ್ತಿತ್ತು. ದುಡ್ಡೂ ಹೋಗ್ತಿತ್ತು, ಶಬ್ದಾನೂ ಉಳೀತಿತ್ತು.’

ಅಪ್ಪನಿಗೆ ಇನ್ನೂ ಮನಸ್ಸು ಗಟ್ಟಿಯಾಗಲಿಲ್ಲ. ಸೆಲ್ಫ್ ಬದಲಾಯಿಸಲು ಒಂದು ಗಂಟೆ ಸಾಕು. ರಿಂಗ್ ಗೇರ್ ಬದಲಾಯಿಸಬೇಕಾದರೆ ಗೇರ್ ಬಾಕ್ಸ್ ಇಳಿಸಬೇಕು, ಎರಡು ದಿನ ಗಾಡಿ ನಿಲ್ಲಬೇಕು. ಹಣ್ಣು ಜಾಸ್ತಿ ಬರುವ ಕಾಲ ಹತ್ತಿರ ಬರುತ್ತಿತ್ತು. ‘ಹುಡುಗಿ ಬರೆದ ಲೆಕ್ಕ ನಂಬ್ಕೊಂಡು ಗೇರ್ ಬಾಕ್ಸ್ ಇಳಿಸ್ತೀಯಾ?’ ಅಂತ ಪಕ್ಕದ ಮನೆಯವರೊಬ್ಬರು ಕೇಳಿಯೂ ಬಿಟ್ಟರು. ನನಗೆ ಅಳು ಬಂದ ಹಾಗಾಯಿತು. ಮಾವ ಸಿಟ್ಟು ಮಾಡಿಕೊಳ್ಳಲಿಲ್ಲ. ‘ನಂಬಬೇಡಿ, ಕಣ್ಣಲ್ಲಿ ನೋಡಿ’ ಅಂದರು.

ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದರು. ಗಾಡಿಯ ಕೆಲಸದಲ್ಲಿ ಸ್ಪ್ಯಾನರ್ ಎತ್ತುವ ಮೊದಲು ಮಾಡಬೇಕಾದ್ದು ಇದು. ಆಮೇಲೆ ಸೆಲ್ಫ್ ಇಳಿಸಿದರು. ಅದು ಕೂತಿದ್ದ ತೂತಿನೊಳಗೆ ಟಾರ್ಚ್ ಬಿಟ್ಟರೆ ರಿಂಗ್ ಗೇರಿನ ಹಲ್ಲುಗಳು ಕಾಣಿಸಿದವು. ಮಾವ ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ನಿಧಾನವಾಗಿ ತಿರುಗಿಸುತ್ತಾ ಹೋದರು. ನಾನು ತೂತಿನ ಹತ್ತಿರ ಮಲಗಿ ಹಲ್ಲು ಎಣಿಸಿದೆ. ಕೆಟ್ಟ ಹಲ್ಲುಗಳು ಕಣ್ಣಿಗೆ ಬಿದ್ದವು, ಅಂಚು ತಿಂದುಹೋಗಿ ಪೆನ್ಸಿಲ್ ಮೊನೆಯ ಹಾಗೆ ಆಗಿದ್ದವು. ಅಲ್ಲಿಂದ ಒಂದು, ಎರಡು ಎಂದು ಎಣಿಸಿದೆ. 9ರವರೆಗೆ ಕೆಟ್ಟ ಹಲ್ಲು. 10ರಿಂದ 60ರವರೆಗೆ ಚೆನ್ನಾಗಿದ್ದವು. 61 ಬಂದಾಗ ಮತ್ತೆ ಪೆನ್ಸಿಲ್ ಮೊನೆ. 69ರವರೆಗೂ ಹಾಗೆ. ಆಮೇಲೆ 120ರವರೆಗೂ ಚೆನ್ನಾಗಿದ್ದವು. ಅಪ್ಪನೂ ಮಲಗಿ ನೋಡಿದರು, ಮಾತು ಕೇಳಿದ್ದ ಪಕ್ಕದ ಮನೆಯವರೂ ಪಂಚೆ ಎತ್ತಿ ಕಟ್ಟಿ ಮಲಗಿ ನೋಡಿದರು.

ಸರಿಯಾಗಿ ಅರ್ಧ ಸುತ್ತಿನ ಅಂತರದಲ್ಲಿ ಎರಡು ಜಾಗ ಮಾತ್ರ ಯಾಕೆ ಸವೆಯಿತು? ಇದು ನನಗೆ ಬಹಳ ಇಷ್ಟವಾದ ಸಂಗತಿ. ಇಂಜಿನ್ ಆಫ್ ಮಾಡಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಒಂದೊಂದು ಸಿಲಿಂಡರಿನಲ್ಲೂ ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತಬೇಕು. ಡೀಸೆಲ್ ಇಂಜಿನ್ನಿನಲ್ಲಿ ಈ ಒತ್ತಡ ಪೆಟ್ರೋಲಿಗಿಂತ ಬಹಳ ಜಾಸ್ತಿ. ನಿಲ್ಲುತ್ತಾ ಬಂದ ಇಂಜಿನ್ನಿಗೆ ಆ ಏರನ್ನು ದಾಟಲು ಶಕ್ತಿ ಸಾಲದೆ ಅದರ ಮುಂಚೆಯೇ ನಿಂತುಬಿಡುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಪ್ರತಿ ಅರ್ಧ ಸುತ್ತಿಗೆ ಒಂದು ಏರು ಬರುತ್ತದೆ. ಹೀಗಾಗಿ ನಿಲ್ಲುವ ಜಾಗ ಎರಡೇ. ಉಯ್ಯಾಲೆಯನ್ನು ಎಷ್ಟು ಎತ್ತರದಿಂದ ಬಿಟ್ಟರೂ ಕೊನೆಗೆ ಒಂದೇ ಕಡೆ ನಿಲ್ಲುತ್ತದಲ್ಲ, ಹಾಗೆ. ಮರುದಿನ ಬೆಂಡಿಕ್ಸ್ ಬಂದು ಬಡಿಯುವುದು ಆ ಹಲ್ಲುಗಳಿಗೇ. ಇಪ್ಪತ್ತು ವರ್ಷ ಅದೇ ಹಲ್ಲುಗಳು ಪೆಟ್ಟು ತಿಂದವು, ಉಳಿದವು ಆರಾಮಾಗಿದ್ದವು. ಒಂದೆರಡು ಹಲ್ಲು ಆಚೀಚೆ ನಿಂತ ದಿನ ಗಾಡಿ ಕೂಗುತ್ತಿರಲಿಲ್ಲ. ‘ಒಂದೊಂದ್ಸಲ’ ಎಂಬುದರ ಅರ್ಥ ಇದು.

ಸೆಲ್ಫನ್ನೂ ಬಿಚ್ಚಿ ನೋಡಿದೆವು. ಕಾರ್ಬನ್ ಬ್ರಷ್ ಇನ್ನೂ ಉದ್ದವಾಗಿದ್ದವು, ಬುಷ್ ಸರಿ ಇತ್ತು. ಬೆಂಡಿಕ್ಸಿನ ಹಲ್ಲಿನ ತುದಿ ಮಾತ್ರ ಕಚ್ಚಿದ ಹಾಗೆ ಆಗಿತ್ತು. ಒಂದು ಸವೆದರೆ ಜೊತೆಯದನ್ನೂ ಸವೆಸುತ್ತದೆ, ಅದಕ್ಕೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು.

ಏಪ್ರಿಲ್ ತಿಂಗಳಲ್ಲಿ ಹಣ್ಣು ಕೀಳದ ಎರಡು ದಿನ ನೋಡಿ ಕೆಲಸ ಇಟ್ಟುಕೊಂಡರು. ಗೇರ್ ಬಾಕ್ಸ್, ಕ್ಲಚ್ ಇಳಿಸಿ ಫ್ಲೈವೀಲನ್ನು ಲೇತ್ ಅಂಗಡಿಗೆ ಒಯ್ದರು. ನಾನೂ ಹೋಗಿದ್ದೆ. ಹಳೇ ರಿಂಗಿನ ಎರಡು ಹಲ್ಲುಗಳ ನಡುವೆ ಗರಗಸದಲ್ಲಿ ಗೆರೆ ಕೊಯ್ದು, ಉಳಿಯಿಟ್ಟು ಒಂದು ಏಟು ಹೊಡೆದರು. ‘ಟಣ್’ ಅಂತ ಬಿಟ್ಟುಕೊಂಡಿತು. ಹೊಸ ರಿಂಗ್ ಫ್ಲೈವೀಲಿಗಿಂತ ಚೂರು ಚಿಕ್ಕದು. ಅದನ್ನು ಸುತ್ತಲೂ ಒಂದೇ ಸಮ ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯಿಸಿದರು. ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂದು ನಾವು ಓದಿದ್ದೇವೆ. 30 ಸೆಂಟಿಮೀಟರ್ ಅಗಲದ ರಿಂಗ್ ಆಗ ಹಿಗ್ಗುವುದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟೇ ಸಾಕು. ಇಕ್ಕಳದಲ್ಲಿ ಎತ್ತಿ ಇಟ್ಟ ಕೂಡಲೇ ತನ್ನ ಜಾಗದಲ್ಲಿ ಕೂತಿತು, ತಣ್ಣಗಾಗುತ್ತಾ ಬಿಗಿದುಕೊಂಡಿತು. ಬೆಂಕಿ ಜಾಸ್ತಿಯಾಗಿ ಕೆಂಪಗಾದರೆ ಹಲ್ಲಿನ ಗಟ್ಟಿತನ ಹೋಗುತ್ತದಂತೆ. ಹಲ್ಲಿನ ಅಂಚು ಇಳಿಜಾರು ಮಾಡಿರುವ ಕಡೆ ಬೆಂಡಿಕ್ಸ್ ಬರುವ ದಿಕ್ಕಿಗೆ ಇರಬೇಕಂತೆ. ಮನೆಗೆ ಬಂದು ತಾತನಿಗೆ ಹೇಳಿದರೆ, ‘ಬಂಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದೂ ಹಂಗೇ ಕಣಮ್ಮ, ಕಾಯಿಸಿ ಹಾಕಿ ನೀರು ಹುಯ್ತಿದ್ವಿ’ ಅಂದರು. ಇಲ್ಲಿ ಮಾತ್ರ ನೀರು ಹುಯ್ಯಬಾರದು ತಾತ, ಗಾಳಿಯಲ್ಲೇ ಆರಬೇಕು ಎಂದೆ. ಮರದ ಚಕ್ರ ಸುಡುತ್ತದೆ ಅಂತ ಅಲ್ಲಿ ನೀರು, ಹಲ್ಲು ಬಿರಿಯುತ್ತದೆ ಅಂತ ಇಲ್ಲಿ ನೀರು ಬೇಡ.

ಖರ್ಚಿನ ಲೆಕ್ಕವನ್ನೂ ನಾನೇ ಬರೆದೆ. ರಿಂಗ್ ಗೇರ್ 2,200, ಬೆಂಡಿಕ್ಸ್ 900, ಗೇರ್ ಬಾಕ್ಸ್ ಇಳಿಸಿ ಏರಿಸಿದ ಗ್ಯಾರೇಜಿನವರ ಕೂಲಿ 2,500, ಲೇತ್ ಅಂಗಡಿಗೆ 400. ಒಟ್ಟು 6,000 ರೂಪಾಯಿ. ನಾಲ್ಕು ಮನೆಯವರೂ ಮುಂದಿನ ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಅಂತ ತಲಾ ಸಾವಿರ ಕೊಟ್ಟರು. ಡಬ್ಬಿಯಿಂದ ತೆಗೆದದ್ದು ಎರಡೇ ಸಾವಿರ. ಪಕ್ಕದ ಮನೆಯವರು ದುಡ್ಡು ಕೊಡುವಾಗ, ‘ನಮ್ಮ ಪಂಪ್‌ಸೆಟ್ಟೂ ಒಂಥರಾ ಶಬ್ದ ಮಾಡ್ತೈತೆ, ಒಂದ್ಸಲ ಬಂದು ಬರ್ಕೊಂಡು ಹೋಗಮ್ಮ’ ಅಂದರು. ಆಗ ಅಪ್ಪ ನಕ್ಕರು. ಸಂಕ್ರಾಂತಿಯಾದ ಮೇಲೆ ಅವರು ಹಾಗೆ ನಕ್ಕಿದ್ದು ಅವತ್ತೇ ಮೊದಲು.

ಮೇ ತಿಂಗಳಲ್ಲಿ ಅಕ್ಕನ ರಿಸಲ್ಟ್ ಬಂತು. ಪ್ರಥಮ ದರ್ಜೆ. ಉಳಿದ ಹತ್ತು ಸಾವಿರದಲ್ಲಿ ಸೈನ್ಸಿಗೆ ಸೇರಿಸಿದರು. ಈಗ ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುತ್ತಾಳೆ.

ಮಿತ್ರರೇ, ನಿಮ್ಮ ಮನೆಯಲ್ಲೂ ಟ್ರ್ಯಾಕ್ಟರ್, ಟೆಂಪೋ, ಆಟೋ ಇರಬಹುದು. ದೊಡ್ಡವರಿಗೆ ನೆನಪಿಸಲು ಮಾವ ಹೇಳಿದ ನಾಲ್ಕು ಮಾತು ಬರೆಯುತ್ತೇನೆ. ಸೆಲ್ಫನ್ನು ಒಂದೇ ಸಮ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ಮೋಟಾರ್ ಕಾದು ಸುಡುತ್ತದೆ. ಏಳದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಇಂಜಿನ್ ಪೂರ್ತಿ ನಿಲ್ಲುವ ಮೊದಲೇ ಮತ್ತೆ ಕೀ ತಿರುಗಿಸಬೇಡಿ, ತಿರುಗುವ ಹಲ್ಲಿಗೆ ಹಲ್ಲು ಬಡಿದರೆ ಎರಡೂ ಹಾಳು. ಇಂಜಿನ್ ಎದ್ದ ಕೂಡಲೇ ಕೀ ಬಿಟ್ಟುಬಿಡಿ.

ಐದನೆಯ ಮಾತು ನನ್ನದು. ಗಾಡಿ ಕೂಗಿದರೆ ಮೊದಲು ಒಂದು ಪುಸ್ತಕ ತಗೊಳ್ಳಿ. ಯಾವಾಗ ಕೂಗಿತು, ಎಷ್ಟು ಸಲ, ಬಿಸಿಯೋ ತಣ್ಣಗೋ, ಏನು ಮಾಡಿದರೆ ನಿಂತಿತು ಎಂದು ಬರೆಯಿರಿ. ಅದಕ್ಕೆ ದುಡ್ಡು ಬೇಕಾಗಿಲ್ಲ, ಸ್ಪ್ಯಾನರೂ ಬೇಕಾಗಿಲ್ಲ. ಮೆಕ್ಯಾನಿಕ್ಕಿಗೆ ಅದನ್ನು ತೋರಿಸಿದರೆ ಅವರಿಗೂ ಕೆಲಸ ಹಗುರ.

ಪಕ್ಕದ ಮನೆಯ ಪಂಪ್‌ಸೆಟ್ಟಿನ ಶಬ್ದವನ್ನು ಈ ವಾರದಿಂದ ಬರೆಯಲು ಶುರು ಮಾಡಿದ್ದೇನೆ. ಇದುವರೆಗೆ ಹನ್ನೊಂದು ಸಲ ಕೇಳಿದ್ದೇನೆ. ಕಾರಣ ಸಿಕ್ಕಿದರೆ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.

ಹತ್ತನೇ ತರಗತಿ ‘ಬಿ’ ವಿಭಾಗದ ವಿದ್ಯಾರ್ಥಿನಿ